ಕಲ್ಲಿಗೂ ಉಂಟು ಆಯುಷ್ಯ

ಬಂಡೆ ಸೀಳುವ ಕಲ್ಲುಕುಟಿಗರ ಕೆಲಸವನ್ನು ನೋಡಿದ್ದೀರಾ? ಬಂಡೆಯ ಮೇಲೆ ಸಾಲಾಗಿ ಕುಳಿ ತೋಡುತ್ತಾರೆ. ಒಂದೊಂದರಲ್ಲೂ ಕಬ್ಬಿಣದ ಬೆಣೆ ಇಟ್ಟು, ಈ ತುದಿಯಿಂದ ಆ ತುದಿಯವರೆಗೆ ಸುತ್ತಿಗೆಯ ಪೆಟ್ಟು ಕೊಡುತ್ತಾ ಹೋಗುತ್ತಾರೆ. ಬೆಣೆಗಳು ಬಿಗಿಯಾದ ಮೇಲೆ ಅನುಭವಸ್ಥ ಕುಟಿಗ ಸುತ್ತಿಗೆ ಕೆಳಗಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕೂರುತ್ತಾನೆ. ಯಾರೂ ಮುಟ್ಟದಿದ್ದರೂ ಕಲ್ಲಿನೊಳಗೆ 'ಟಿಕ್' ಎಂಬ ಸದ್ದು! ನೋಡನೋಡುತ್ತಿದ್ದಂತೆ ಸಾಲಿನುದ್ದಕ್ಕೂ ಸೀಳು ಬಿಡುತ್ತದೆ.

ಪೆಟ್ಟು ನಿಂತ ಮೇಲೆ ಕಲ್ಲು ಒಡೆದದ್ದು ಹೇಗೆ?

ಕುಣಿಗಲ್ ತಾಲ್ಲೂಕಿನ ಅಮೃತೂರಿನ ಸುತ್ತಮುತ್ತ ಕಾಣುವುದು ನೈಸ್ ಶಿಲೆ. ದಕ್ಷಿಣ ಕರ್ನಾಟಕದ ಈ ಶಿಲೆಯ ವಯಸ್ಸು ಸುಮಾರು 300 ಕೋಟಿ ವರ್ಷ. ಇಷ್ಟು ಹಳೆಯದಾದರೂ ಅದರ ತುಂಬ ಕಣ್ಣಿಗೆ ಕಾಣದ ಬಿರುಕುಗಳಿವೆ. ಭಾರ ಬಿದ್ದಾಗ ಎಲ್ಲ ಒತ್ತಡವೂ ಬಿರುಕಿನ ತುದಿಗೆ ಬಂದು ಸೇರುತ್ತದೆ. ಅಲ್ಲಿ ಸಿಲಿಕಾನ್ ಮತ್ತು ಆಕ್ಸಿಜನ್ ಪರಮಾಣುಗಳ ಬಂಧ ಎಳೆದ ದಾರದಂತೆ ಬಿಗಿದಿರುತ್ತದೆ. ಗಾಳಿಯ ತೇವದಲ್ಲಿರುವ ನೀರಿನ ಅಣು ಒಳಹೊಕ್ಕು ಆ ಬಂಧವನ್ನು ಕಡಿಯುತ್ತದೆ. ಬಿರುಕು ಒಂದು ಕೂದಲೆಳೆಯಷ್ಟು ಮುಂದೆ ಸರಿಯುತ್ತದೆ. ಮತ್ತೆ ಇನ್ನೊಂದು ಬಂಧ. ಹೀಗೆ, ಇಂದು ತಡೆದುಕೊಂಡ ಭಾರಕ್ಕೇ ಕಲ್ಲು ಇನ್ನೊಂದು ದಿನ ಸೋಲುತ್ತದೆ.

ಆ ದಿನವನ್ನು ಮೊದಲೇ ಲೆಕ್ಕ ಹಾಕಬಹುದೇ? ಪ್ರಯೋಗಶಾಲೆಯಲ್ಲಿ ಸೂತ್ರವೇನೋ ಸಿಕ್ಕಿದೆ. ಭಾರ ಹೆಚ್ಚಿದಂತೆ ಆಯುಷ್ಯ ಅದರ ದೊಡ್ಡ ಘಾತದ ವಿಲೋಮ ಅನುಪಾತದಲ್ಲಿ ಇಳಿಯುತ್ತದೆ. ಘಾತ 30 ಎಂದಿಟ್ಟುಕೊಳ್ಳಿ. ಭಾರ ಶೇಕಡ 10ರಷ್ಟು ಹೆಚ್ಚಿದರೆ, 1.1ರ 30ನೇ ಘಾತ ಸುಮಾರು 17. ಎಂದರೆ 17 ವರ್ಷ ಬಾಳಬೇಕಾದ ಕಲ್ಲು ಒಂದೇ ವರ್ಷಕ್ಕೆ ಒಡೆದೀತು! ಒಂದೇ ಕ್ವಾರಿಯ ಎರಡು ಕಲ್ಲುಗಳ ಬಲದಲ್ಲೇ ಇಷ್ಟು ವ್ಯತ್ಯಾಸ ಇರಬಹುದು. ಆದ್ದರಿಂದ ಸೂತ್ರವೊಂದನ್ನೇ ನಂಬಿ ತಾರೀಖು ಹೇಳಲಾಗದು.

ಈ ಪ್ರಶ್ನೆ ಪ್ರಾಣದ ಪ್ರಶ್ನೆಯಾಗಿದ್ದುದು ಕೋಲಾರ ಚಿನ್ನದ ಗಣಿಯಲ್ಲಿ. ಅಲ್ಲಿನ ಚಾಂಪಿಯನ್ ರೀಫ್ ಗಣಿ 3 ಕಿಲೋಮೀಟರಿಗೂ ಆಳ. ಅಷ್ಟು ಆಳದಲ್ಲಿ ಮೇಲಿನ ಕಲ್ಲಿನ ಭಾರ ಒಂದು ಚದರ ಸೆಂಟಿಮೀಟರಿಗೆ ಸುಮಾರು 800 ಕಿಲೋ. ಸುರಂಗದ ಅಂಚಿನಲ್ಲಿ ಇನ್ನೂ ಹೆಚ್ಚು. ಭಾರ ಹೊತ್ತು ನಿಂತ ಬಂಡೆ ಇದ್ದಕ್ಕಿದ್ದಂತೆ ಸಿಡಿಯುತ್ತಿತ್ತು. ಇದೇ 'ರಾಕ್ ಬರ್ಸ್ಟ್'. ಎಷ್ಟೋ ಕಾರ್ಮಿಕರು ಇದಕ್ಕೆ ಬಲಿಯಾದರು. ಬಂಡೆಯೊಳಗಿನ ಸಣ್ಣ ಸದ್ದುಗಳನ್ನು ಉಪಕರಣಗಳಿಂದ ಆಲಿಸಿ ಅಪಾಯವನ್ನು ಮೊದಲೇ ತಿಳಿಯುವ ಪ್ರಯತ್ನಗಳು ಅಲ್ಲಿ ನಡೆದವು. 1988ರಲ್ಲಿ ರಾಷ್ಟ್ರೀಯ ಶಿಲಾ ಯಂತ್ರಶಾಸ್ತ್ರ ಸಂಸ್ಥೆ ಸ್ಥಾಪನೆಯಾದದ್ದೂ ಕೆ.ಜಿ.ಎಫ್.ನಲ್ಲೇ. 2001ರಲ್ಲಿ ಗಣಿ ಮುಚ್ಚಿತು. ಸುರಂಗಗಳಲ್ಲಿ ನೀರು ತುಂಬಿದ ಮೇಲೂ ಅಲ್ಲಿ ನೆಲ ನಡುಗಿದ್ದುಂಟು. ಕೆಲಸ ನಿಂತರೂ ಭಾರ ನಿಲ್ಲುವುದಿಲ್ಲವಷ್ಟೆ!

ಸೂತ್ರ ಕೈಕೊಟ್ಟರೂ ಕಲ್ಲು ತಾನೇ ಸುಳಿವು ಕೊಡುತ್ತದೆ. ಭಾರ ಬಿದ್ದ ಹೊಸದರಲ್ಲಿ ಅದರ ಬಾಗುವಿಕೆಯ ವೇಗ ಕಡಿಮೆಯಾಗುತ್ತಾ ಹೋಗುತ್ತದೆ, ಬಹುಕಾಲ ಒಂದೇ ಸಮನಿರುತ್ತದೆ, ಕೊನೆಗೆ ಏರತೊಡಗುತ್ತದೆ. ಈ ಕೊನೆಯ ಹಂತವನ್ನೇ ಹಿಡಿದು ಜಪಾನಿನ ಫುಕುಜೋನೋ 1985ರಲ್ಲಿ ಭೂಕುಸಿತಗಳಿಗೆ ಒಂದು ಸರಳ ಉಪಾಯ ಸೂಚಿಸಿದರು. ಒಂದು ಬಿರುಕು ಮಿಲಿಮೀಟರ್ ಅಗಲವಾಗಲು ಮೊದಲು 10 ದಿನದ ವೇಗವಿತ್ತು ಎನ್ನಿ. ಹತ್ತು ದಿನ ಕಳೆದು ಅಳೆದಾಗ 8 ದಿನದ ವೇಗ. ಇನ್ನೂ ಹತ್ತು ದಿನಕ್ಕೆ 6. ಗ್ರಾಫ್ ಹಾಳೆಯಲ್ಲಿ ಗುರುತಿಸಿ ಗೆರೆ ಎಳೆಯಿರಿ. ಅದು 50ನೇ ದಿನ ಸೊನ್ನೆ ಮುಟ್ಟುತ್ತದೆ. ಕುಸಿತ ಅದರ ಆಸುಪಾಸಿನಲ್ಲಿ. ಇದೂ ಅಂದಾಜೇ, ಆದರೆ ಜನರನ್ನು ದೂರ ಕಳಿಸಲು ಅಷ್ಟು ಸಾಕು.

ಹಳ್ಳಿಯ ಹಳೆಯ ಮನೆಗಳಲ್ಲಿ ಕಲ್ಲುಚಪ್ಪಡಿಯ ಮಾಡು ಇನ್ನೂ ಉಂಟು. ಒತ್ತಿದರೆ ತಡೆಯುವ ಕಲ್ಲು ಎಳೆತಕ್ಕೆ ದುರ್ಬಲ. ಚಪ್ಪಡಿಯ ತಳಭಾಗ ಸದಾ ಎಳೆತದಲ್ಲೇ ಇರುತ್ತದೆ. ಅಲ್ಲಿ ಬಿರುಕು ಕಂಡರೆ ಅದರ ಎರಡೂ ತುದಿಗೆ ಪೆನ್ಸಿಲ್ ಗೆರೆ ಎಳೆದು ತಾರೀಖು ಬರೆದಿಡಿ. ಬಿರುಕು ಗೆರೆ ದಾಟಿತೋ, ಲೆಕ್ಕ ಹಾಕುತ್ತಾ ಕೂರಬೇಡಿ. ಮಕ್ಕಳನ್ನು ಅದರ ಕೆಳಗೆ ಮಲಗಿಸಬೇಡಿ. ಊರೆಗಂಬ ಕೊಡಿಸಿ, ತಿಳಿದವರನ್ನು ಕರೆಸಿ. ಕಲ್ಲುಕುಟಿಗ ಆ 'ಟಿಕ್' ಸದ್ದಿಗೆ ಕಾದು ಕೂರುತ್ತಾನೆ. ಮನೆಯವರು ಮಾತ್ರ ಅದು ಕೇಳುವ ಮೊದಲೇ ಏಳಬೇಕು.