ಎಲೆ ಇಲ್ಲದ ಆರ್ಕಿಡ್, ಬಗದಲ್ ಬಿಸಿಲಾಗ

ಇದು ಒಣಗಿದ ಬೇರಲ್ರಿ, ಜೀವಂತ ಗಿಡ! ಹೆಸರು ಕೈಲೋಸ್ಕಿಸ್ಟಾ. ಪಶ್ಚಿಮ ಘಟ್ಟದ ಮರಗಳ ಮ್ಯಾಲ ಬೆಳೀತದ. ಎಲೆ ಇರೋದೇ ಅಪರೂಪ. ಬಿಸಿಲು ಹಿಡಿದು ಆಹಾರ ಮಾಡೋದು ಬೇರೇ. ನೀರು ಬಿದ್ರ ಹಸಿರು, ಒಣಗಿದ್ರ ಬೂದಿ ಬಣ್ಣ. ನೀರು ಯಾವಾಗ ಹಾಕ್ಬೇಕಂತ ಬೇರೇ ಹೇಳ್ತದ.

ಕುಂಡ ಬ್ಯಾಡ, ಮಣ್ಣಂತೂ ಬ್ಯಾಡವೇ ಬ್ಯಾಡ. ಒರಟು ತೊಗಟೆಯ ಮಾವಿನ ಕಟ್ಟಿಗಿ ತುಂಡಿಗೆ ಹತ್ತಿ ದಾರದಿಂದ ಕಟ್ರಿ. ಅಲುಗಬಾರ್ದು, ಬೇರು ನುರೀಬಾರ್ದು. ದಾರ ಕೊಳೆಯೋದ್ರಾಗ ಬೇರು ಕಟ್ಟಿಗಿ ಹಿಡ್ಕೊಂಡಿರ್ತದ. ಮ್ಯಾಲ ತೆಂಗಿನ ನಾರು ಮುಚ್ಚಬ್ಯಾಡ್ರಿ, ಬೆಳಕು ಬೇಕಾದದ್ದು ಬೇರಿಗೇ.

ನಮ್ಮೂರು ಬಗದಲ್ ಕಡೆ ಕಷ್ಟ ಅಂದ್ರ ಬ್ಯಾಸಿಗಿ. 40 ಡಿಗ್ರಿ, ಮ್ಯಾಲ ಒಣಗಾಳಿ. ನೆರಳು ಬಲೆ ಕೆಳಗ ತೂಗುಹಾಕಿ, ಮುಂಜಾನೆ ಬೇರು ಹಸಿರಾಗೋ ತನಕ ಮಳೆನೀರು ಸಿಂಪಡಿಸ್ರಿ. ಬಿಸಿಲು ಜೋರಿದ್ರ ಸಂಜಿಗೂ. ರಾತ್ರಿಯೊಳಗ ಒಣಗ್ಲೇಬೇಕು.

ಕಾಡಿನಿಂದ ಮಾತ್ರ ಕಿತ್ತು ತರಬ್ಯಾಡ್ರಿ, ನರ್ಸರಿಯಾಗ ಬೆಳೆಸಿದ್ದೇ ತಗೊಳ್ರಿ.