ಆತ್ಮಹತ್ಯೆಯ ದರ: ಅಂಕಿಗಳನ್ನು ಓದುವುದು ಹೇಗೆ?

ಯಾವುದೇ ಅಳತೆಯನ್ನು ನಂಬುವ ಮೊದಲು ಅಳೆದ ಉಪಕರಣವನ್ನು ಪರಿಶೀಲಿಸಬೇಕು. ಪ್ರಯೋಗಶಾಲೆಯ ಈ ನಿಯಮ ಸಾಮಾಜಿಕ ಅಂಕಿ-ಅಂಶಗಳಿಗೂ ಅನ್ವಯಿಸುತ್ತದೆ. ಆತ್ಮಹತ್ಯೆಯ ವಿಷಯದಲ್ಲಂತೂ ತಪ್ಪಾಗಿ ಓದಿದ ಸಂಖ್ಯೆ, ನೆರವು ಬೇಕಾದವರನ್ನೇ ಮರೆಮಾಡಬಹುದು.

ಸಂಖ್ಯೆ ಮತ್ತು ದರ

ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ ಪ್ರಕಾರ 2021ರಲ್ಲಿ ಪಶ್ಚಿಮ ಬಂಗಾಳದಲ್ಲಿ 13,500, ಕರ್ನಾಟಕದಲ್ಲಿ 13,056 ಆತ್ಮಹತ್ಯೆಗಳು ದಾಖಲಾದವು. ಎರಡೂ ಹೆಚ್ಚುಕಡಿಮೆ ಸಮ. ಆದರೆ ನಮ್ಮ ಜನಸಂಖ್ಯೆ ಕಡಿಮೆ. ಪ್ರತಿ ಲಕ್ಷ ಜನರಿಗೆ ಎಷ್ಟು ಎಂದು ಲೆಕ್ಕ ಹಾಕಿದರೆ ಬಂಗಾಳದ ದರ 13.7, ಕರ್ನಾಟಕದ್ದು 19.5. ದೇಶದ ಸರಾಸರಿ 12.0. ಹೋಲಿಕೆಗೆ ದರವೇ ಸರಿಯಾದ ಅಳತೆ.

ಪ್ರದೇಶಗಳ ಅಂತರ

ಅದೇ ವರ್ಷ ಕೇರಳದ ದರ 26.9, ಬಿಹಾರದ್ದು 0.7. ಸುಮಾರು ನಲವತ್ತು ಪಟ್ಟು ಅಂತರ! ಇದು ನಿಜವೇ, ದಾಖಲಾತಿಯ ದೋಷವೇ? ಬ್ಯೂರೊದ ಅಂಕಿಗಳ ಮೂಲ ಪೊಲೀಸ್ ದಾಖಲೆ. ಹತ್ತು ಲಕ್ಷ ಸಾವುಗಳ ಅಧ್ಯಯನ ಬೇರೆ ವಿಧಾನವನ್ನು ಅನುಸರಿಸಿತು: ಆಯ್ದ ಮನೆಗಳಿಗೆ ಹೋಗಿ, ಸಾವಿನ ವಿವರ ಕೇಳಿ, ವೈದ್ಯರಿಂದ ಕಾರಣ ನಿರ್ಧರಿಸುವುದು. ಅದರಲ್ಲೂ, ದೇಶದ ಜನಸಂಖ್ಯೆಯ ಶೇ. 22ರಷ್ಟಿದ್ದ ದಕ್ಷಿಣದ ನಾಲ್ಕು ರಾಜ್ಯಗಳಲ್ಲಿ ಪುರುಷರ ಆತ್ಮಹತ್ಯೆಗಳ ಶೇ. 42, ಮಹಿಳೆಯರ ಶೇ. 40 ಕಂಡುಬಂದವು. ಅಂದರೆ ಅಂತರದ ಒಂದು ಪಾಲು ದಾಖಲಾತಿಯಿಂದ ಬಂದಿದ್ದರೂ ದಕ್ಷಿಣದ ಹೆಚ್ಚಿನ ದರ ನಿಜವೇ.

ಪುರುಷರು, ಮಹಿಳೆಯರು

2001ರಲ್ಲಿ ಪೊಲೀಸ್ ದಾಖಲೆಯಂತೆ 66,314 ಪುರುಷರು, 42,192 ಮಹಿಳೆಯರು ಆತ್ಮಹತ್ಯೆ ಮಾಡಿಕೊಂಡರು. 2021ರಲ್ಲಿ 1,18,979 ಮತ್ತು 45,026. ಜನಸಂಖ್ಯೆಯ ಏರಿಕೆಯನ್ನು ಗಣಿಸಿದರೆ ಪುರುಷರ ದರ ಸುಮಾರು 12.5ರಿಂದ 17ಕ್ಕೆ ಏರಿದೆ, ಮಹಿಳೆಯರ ದರ 8.5ರಿಂದ 6.8ಕ್ಕೆ ಇಳಿದಿದೆ. ಜಾಗತಿಕ ರೋಗಹೊರೆ ಅಧ್ಯಯನದ ಅಂದಾಜಿನಲ್ಲೂ 1990ರಿಂದ 2016ರವರೆಗೆ ಮಹಿಳೆಯರ ದರ 20.0ರಿಂದ 14.7ಕ್ಕೆ ಇಳಿದಿತ್ತು, ಪುರುಷರದು 22.3 ಇದ್ದದ್ದು 21.2 ಆಗಿ, ಹೆಚ್ಚೇನೂ ಬದಲಾಗಿರಲಿಲ್ಲ.

ಇಳಿಕೆಯ ವಿಷಯದಲ್ಲಿ ಎರಡು ಉಪಕರಣಗಳೂ ಒಪ್ಪುತ್ತವೆ. ಆದರೆ ಮಟ್ಟದ ವಿಷಯದಲ್ಲಿ ಒಪ್ಪುವುದಿಲ್ಲ. 2010ರಲ್ಲಿ ಪೊಲೀಸ್ ದಾಖಲೆಯಿಂದ ಬಿಟ್ಟುಹೋದದ್ದು ಪುರುಷರಲ್ಲಿ ಸುಮಾರು ಕಾಲು ಭಾಗ, ಮಹಿಳೆಯರಲ್ಲಿ ಮೂರನೆಯ ಒಂದು ಭಾಗಕ್ಕೂ ಹೆಚ್ಚು. ಇಳಿಕೆಯ ನಂತರವೂ 2016ರಲ್ಲಿ ಜಗತ್ತಿನ ಮಹಿಳೆಯರ ಆತ್ಮಹತ್ಯೆಗಳಲ್ಲಿ ಶೇ. 36.6 ಭಾರತದವು. ಆ ವರ್ಷ ದೇಶದಲ್ಲಿ ಆತ್ಮಹತ್ಯೆಯಿಂದ ಸತ್ತ ಮಹಿಳೆಯರಲ್ಲಿ ಶೇ. 71 ಮಂದಿ 15ರಿಂದ 39ರ ವಯಸ್ಸಿನವರು. ‘ಇದು ಗಂಡಸರ ಸಮಸ್ಯೆ’ ಎಂದು ಪಕ್ಕಕ್ಕಿಡುವಂತಿಲ್ಲ.

ಹಳ್ಳಿಯ ಲೆಕ್ಕ

ದೊಡ್ಡಬಳ್ಳಾಪುರ ತಾಲ್ಲೂಕಿನ ಮಾಕಳಿದುರ್ಗದ ಸುತ್ತಲಿನ ಹಳ್ಳಿಗಳಲ್ಲಿ 20,000 ಜನರಿದ್ದಾರೆಂದು ಭಾವಿಸಿ. ರಾಜ್ಯದ ದರದಂತೆ ವರ್ಷಕ್ಕೆ ಸುಮಾರು 4 ಸಾವುಗಳನ್ನು ನಿರೀಕ್ಷಿಸಬೇಕಾಗುತ್ತದೆ. ವಿಕಿರಣ ಎಣಿಕೆಯಲ್ಲಿರುವಂತೆ ಇಲ್ಲಿಯೂ ಸಹಜ ಏರಿಳಿತ ಎಣಿಕೆಯ ವರ್ಗಮೂಲದಷ್ಟು, ಅಂದರೆ 2. ಒಂದು ವರ್ಷ 2, ಮರುವರ್ಷ 6 ಆದರೆ ‘ಮೂರು ಪಟ್ಟು ಏರಿಕೆ’ ಎನ್ನುವುದು ಸರಿಯಲ್ಲ. ಹತ್ತು ವರ್ಷ ಕೂಡಿಸಿದರೆ ಎಣಿಕೆ 40, ಏರಿಳಿತ ಸುಮಾರು 6; ಅನಿಶ್ಚಿತತೆ ಶೇ. 50ರಿಂದ ಶೇ. 16ಕ್ಕೆ ಇಳಿಯುತ್ತದೆ. ಆದರೆ ಪ್ರವೃತ್ತಿ ತಿಳಿಯಲು ಹತ್ತು ವರ್ಷ ಕಾಯಬೇಕೇ ಹೊರತು ನೆರವು ನೀಡಲು ಒಂದು ದಿನವೂ ಕಾಯಬಾರದು.

ದರ ವಿಧಿಯಲ್ಲ

ಶ್ರೀಲಂಕಾದಲ್ಲಿ ಅತಿ ವಿಷಕಾರಿ ಕೀಟನಾಶಕಗಳನ್ನು ಹಂತಹಂತವಾಗಿ ನಿಷೇಧಿಸಲಾಯಿತು. 1995ರ ನಂತರದ ಎರಡು ದಶಕಗಳಲ್ಲಿ ಅಲ್ಲಿನ ದರ ಸುಮಾರು ಶೇ. 70ರಷ್ಟು ಕುಸಿಯಿತು. ನಮ್ಮಲ್ಲಿ 2017ರ ಮಾನಸಿಕ ಆರೋಗ್ಯ ಕಾಯಿದೆಯು ಆತ್ಮಹತ್ಯೆಗೆ ಪ್ರಯತ್ನಿಸಿದವರಿಗೆ ಶಿಕ್ಷೆಯ ಬದಲು ಆರೈಕೆ ಸಿಗಬೇಕೆಂದಿತು. 2022ರಲ್ಲಿ ಟೆಲಿ-ಮಾನಸ್ ಸಹಾಯವಾಣಿ ಆರಂಭವಾಯಿತು; ಬೆಂಗಳೂರಿನ ನಿಮ್ಹಾನ್ಸ್ ಅದರ ಪ್ರಧಾನ ಕೇಂದ್ರ. ಉಚಿತ ಸಂಖ್ಯೆ 14416ಕ್ಕೆ ಹಗಲಿರುಳೂ ಕರೆ ಮಾಡಬಹುದು. ಅಧ್ಯಾಪಕರು ಈ ಸಂಖ್ಯೆಯನ್ನು ತರಗತಿಯ ಫಲಕದಲ್ಲಿ ಬರೆದಿಡಲಿ. ಮೌನವಾಗಿ ಹಿಂದೆ ಸರಿಯುತ್ತಿರುವ ವಿದ್ಯಾರ್ಥಿಯನ್ನು ಪ್ರತ್ಯೇಕವಾಗಿ ಕೂರಿಸಿಕೊಂಡು ನೇರವಾಗಿ ವಿಚಾರಿಸಲಿ. ಹಾಗೆ ಕೇಳುವುದರಿಂದ ಆತ್ಮಹತ್ಯೆಯ ಯೋಚನೆ ಹುಟ್ಟುವುದಿಲ್ಲ, ಮಾತಿಗೆ ದಾರಿಯಾಗುತ್ತದೆ.