ಎಚ್ಚಿಂಗ್ (ಗಾಜು ಮತ್ತು ಲೋಹ)

ಎಚ್ಚಿಂಗ್ ಎಂದರೆ ಗಾಜು ಅಥವಾ ಲೋಹದ ಮೇಲ್ಮೈಯ ಆಯ್ದ ಭಾಗವನ್ನು ಆಮ್ಲ, ಲವಣ ದ್ರಾವಣ ಅಥವಾ ವಿದ್ಯುತ್ತಿನ ನೆರವಿನಿಂದ ಕರಗಿಸಿ ಚಿತ್ರ, ಅಕ್ಷರ ಅಥವಾ ವಿನ್ಯಾಸವನ್ನು ಮೂಡಿಸುವ ವಿಧಾನ. ಉಳಿಯಬೇಕಾದ ಭಾಗವನ್ನು ಮೇಣ, ರಾಳ, ವಾರ್ನಿಷ್ ಅಥವಾ ಅಂಟುಹಾಳೆಯಿಂದ ಮುಚ್ಚಲಾಗುತ್ತದೆ. ಈ ಹೊದಿಕೆಯನ್ನು ರಕ್ಷಾಲೇಪ ಎನ್ನಬಹುದು. ತೆರೆದಿರುವ ಭಾಗವನ್ನು ಮಾತ್ರ ದ್ರಾವಣವು ತಿನ್ನುತ್ತದೆ. ಉಳಿಯಿಂದ ಲೋಹವನ್ನು ತೆಗೆಯುವ ಕೆತ್ತನೆಗೂ ಎಚ್ಚಿಂಗಿಗೂ ಇರುವ ಮುಖ್ಯ ವ್ಯತ್ಯಾಸ ಇದೇ. ಕೆತ್ತನೆಯಲ್ಲಿ ಗೆರೆಯ ಆಳವನ್ನು ಕೈಯ ಬಲ ನಿರ್ಧರಿಸಿದರೆ, ಎಚ್ಚಿಂಗಿನಲ್ಲಿ ಅದನ್ನು ದ್ರಾವಣದ ತೀಕ್ಷ್ಣತೆ, ಉಷ್ಣತೆ ಮತ್ತು ಸಮಯ ನಿರ್ಧರಿಸುತ್ತವೆ.

ಕಲಾಮುದ್ರಣ, ಫಲಕಗಳ ತಯಾರಿಕೆ, ಅಲಂಕಾರಿಕ ಗಾಜು, ಅಳತೆಯ ಉಪಕರಣಗಳು ಮತ್ತು ವಿದ್ಯುನ್ಮಾನ ಮಂಡಲ ಫಲಕಗಳ ತಯಾರಿಕೆಯಲ್ಲಿ ಈ ವಿಧಾನ ಬಳಕೆಯಲ್ಲಿದೆ.

ಮೂಲತತ್ತ್ವ

ಎಚ್ಚಿಂಗಿನ ರಾಸಾಯನಿಕ ಕ್ರಿಯೆಯನ್ನು ಉತ್ತರ ಕನ್ನಡ ಜಿಲ್ಲೆಯ ಶಿರಸಿ, ಸಿದ್ದಾಪುರ, ಯಲ್ಲಾಪುರ ತಾಲ್ಲೂಕುಗಳ ಅಡಿಕೆ ಬೆಳೆಗಾರರಿಗೆ ಪರಿಚಿತವಾದ ಒಂದು ಉದಾಹರಣೆಯಿಂದ ವಿವರಿಸಬಹುದು. ಮಳೆಗಾಲದಲ್ಲಿ ಅಡಿಕೆಗೆ ತಗಲುವ ಕೊಳೆರೋಗವನ್ನು ತಡೆಯಲು ಮೈಲುತುತ್ತ ಮತ್ತು ಸುಣ್ಣವನ್ನು ಸೇರಿಸಿ ಬೋರ್ಡೋ ದ್ರಾವಣವನ್ನು ಸಿದ್ಧಪಡಿಸಲಾಗುತ್ತದೆ. ಶೇಕಡಾ 1ರ ದ್ರಾವಣಕ್ಕೆ 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತ ಮತ್ತು 1 ಕಿಲೋ ಸುಣ್ಣ ಬೇಕು. ದ್ರಾವಣ ಹದಕ್ಕೆ ಬಂದಿದೆಯೇ ಎಂದು ತಿಳಿಯಲು ಉಜ್ಜಿದ ಕಬ್ಬಿಣದ ಚಾಕು ಅಥವಾ ಕತ್ತಿಯನ್ನು ಅದರಲ್ಲಿ ಸ್ವಲ್ಪ ಹೊತ್ತು ಅದ್ದಿ ನೋಡುವುದುಂಟು. ಅಲಗಿನ ಮೇಲೆ ಕೆಂಬಣ್ಣ ಕೂತರೆ ಸುಣ್ಣ ಸಾಲದು ಎಂದರ್ಥ.

ಈ ಕೆಂಬಣ್ಣ ತಾಮ್ರದ್ದು. ಸುಣ್ಣದೊಡನೆ ಸೇರದೆ ಉಳಿದ ಮೈಲುತುತ್ತದಲ್ಲಿನ ತಾಮ್ರವು ಅಲಗಿನ ಮೇಲೆ ಕೂರುತ್ತದೆ. ಅದಕ್ಕೆ ಬದಲಾಗಿ ಅಲಗಿನ ಕಬ್ಬಿಣ ದ್ರಾವಣಕ್ಕೆ ಇಳಿಯುತ್ತದೆ. ಹೆಚ್ಚು ಕ್ರಿಯಾಶೀಲ ಲೋಹವು ಕಡಿಮೆ ಕ್ರಿಯಾಶೀಲ ಲೋಹವನ್ನು ದ್ರಾವಣದಿಂದ ಹೊರದೂಡುವ ಕ್ರಿಯೆ ಇದು. ಅಲಗಿನ ಒಂದು ಭಾಗಕ್ಕೆ ಮೇಣ ಬಳಿದು ಮೈಲುತುತ್ತದ ದ್ರಾವಣದಲ್ಲಿ ಹೆಚ್ಚು ಹೊತ್ತು ಇಟ್ಟರೆ ಮೇಣವಿಲ್ಲದ ಭಾಗ ಮಾತ್ರ ಸವೆಯುತ್ತದೆ. ಸತು ಮತ್ತು ಅಲ್ಯೂಮಿನಿಯಮ್ ಫಲಕಗಳ ಎಚ್ಚಿಂಗಿಗೆ ಮೈಲುತುತ್ತ ಮತ್ತು ಅಡುಗೆ ಉಪ್ಪಿನ ದ್ರಾವಣವನ್ನು ಬಳಸುವುದು ಇದೇ ತತ್ತ್ವದ ಮೇಲೆ.

ಇತಿಹಾಸ

ಯುರೋಪಿನಲ್ಲಿ ಕವಚ ಮತ್ತು ಆಯುಧಗಳ ಅಲಂಕರಣಕ್ಕೆ ಎಚ್ಚಿಂಗ್ ಮೊದಲು ಬಳಕೆಗೆ ಬಂತು. ಅಲ್ಲಿಂದ ಅದು ಮುದ್ರಣಕಲೆಗೆ ದಾಟಿತು. ಜರ್ಮನಿಯ ಆಗ್ಸ್‌ಬರ್ಗಿನಲ್ಲಿ ಕವಚಗಳನ್ನು ಅಲಂಕರಿಸುತ್ತಿದ್ದ ಡೇನಿಯಲ್ ಹಾಪ್ಫರ್ 1500ರ ಸುಮಾರಿಗೆ ಈ ವಿಧಾನವನ್ನು ಕಾಗದದ ಮೇಲಿನ ಮುದ್ರಣಕ್ಕೆ ಅಳವಡಿಸಿದನೆಂದು ಪರಿಗಣಿಸಲಾಗಿದೆ. ಆಲ್ಬ್ರೆಕ್ಟ್ ಡ್ಯೂರರ್ 1515 ಮತ್ತು 1518ರ ನಡುವೆ ಕಬ್ಬಿಣದ ಫಲಕಗಳಲ್ಲಿ ಕೆಲವು ಎಚ್ಚಿಂಗ್‌ಗಳನ್ನು ರಚಿಸಿದನು. ಮುಂದೆ ಕಬ್ಬಿಣದ ಸ್ಥಾನಕ್ಕೆ ತಾಮ್ರ ಬಂತು. 17ನೆಯ ಶತಮಾನದಲ್ಲಿ ರೆಂಬ್ರಾಂಟ್ ಇದನ್ನು ಪ್ರಮುಖ ಕಲಾಮಾಧ್ಯಮವಾಗಿ ಬೆಳೆಸಿದನು. 1852ರಲ್ಲಿ ವಿಲಿಯಮ್ ಹೆನ್ರಿ ಫಾಕ್ಸ್ ಟಾಲ್ಬಟ್ ಬೆಳಕಿಗೆ ಗಟ್ಟಿಯಾಗುವ ಜೆಲಟಿನ್ ಲೇಪವನ್ನು ಬಳಸಿ ಛಾಯಾಚಿತ್ರವನ್ನು ಲೋಹದ ಫಲಕಕ್ಕೆ ಇಳಿಸುವ ವಿಧಾನಕ್ಕೆ ಪೇಟೆಂಟ್ ಪಡೆದನು.

ಗಾಜಿನ ಎಚ್ಚಿಂಗಿಗೆ ಬೇಕಾದ ಹೈಡ್ರೋಫ್ಲೋರಿಕ್ ಆಮ್ಲವನ್ನು ಸ್ವೀಡನ್ನಿನ ರಸಾಯನ ವಿಜ್ಞಾನಿ ಕಾರ್ಲ್ ವಿಲ್ಹೆಲ್ಮ್ ಶೀಲೆ 1771ರಲ್ಲಿ ಅಧ್ಯಯನ ಮಾಡಿದನು. ಅಮೆರಿಕದ ಬೆಂಜಮಿನ್ ಚ್ಯೂ ಟಿಲ್ಗ್‌ಮನ್ 1870ರಲ್ಲಿ ಮರಳು ಊದುವ ವಿಧಾನಕ್ಕೆ ಪೇಟೆಂಟ್ ಪಡೆದ ಮೇಲೆ ಆಮ್ಲವಿಲ್ಲದೆಯೂ ಗಾಜನ್ನು ಮಸುಕುಗೊಳಿಸುವುದು ಸಾಧ್ಯವಾಯಿತು.

ಕರ್ನಾಟಕದಲ್ಲಿ

ಕರ್ನಾಟಕದಲ್ಲಿ ಲೋಹದ ಮೇಲೆ ಬರಹ ಮತ್ತು ವಿನ್ಯಾಸ ಮೂಡಿಸುವ ಪರಂಪರೆ ಹಳೆಯದು. ಅದರ ಬಹುಭಾಗ ಕೆತ್ತನೆಗೆ ಸೇರಿದ್ದು. ಆದರೆ ಕೆಲವೆಡೆ ರಾಸಾಯನಿಕ ಕ್ರಿಯೆಯೂ ನಿರ್ಣಾಯಕ ಪಾತ್ರ ವಹಿಸುತ್ತದೆ.

ತಾಮ್ರಶಾಸನಗಳು

ಶಿರಸಿ ತಾಲ್ಲೂಕಿನ ಬನವಾಸಿಯನ್ನು ರಾಜಧಾನಿಯಾಗಿ ಹೊಂದಿದ್ದ ಕದಂಬರು ಕಲ್ಲಿನ ಶಾಸನಗಳ ಜೊತೆಗೆ ತಾಮ್ರಶಾಸನಗಳನ್ನೂ ಹೊರಡಿಸಿದರು. ಬೆಳಗಾವಿ ಜಿಲ್ಲೆಯ ಹಲಸಿಯಲ್ಲಿ ದೊರೆತ ಕಾಕುಸ್ಥವರ್ಮನ ಶಾಸನ ಇವುಗಳಲ್ಲಿ ಪ್ರಸಿದ್ಧವಾದುದು. ತಾಮ್ರಶಾಸನದ ಹಲಗೆಗಳನ್ನು ಬಳೆಯೊಂದರಲ್ಲಿ ಪೋಣಿಸಿ, ಬಳೆಯ ಸಂದಿಗೆ ರಾಜಮುದ್ರೆ ಹಾಕುವುದು ವಾಡಿಕೆ. ಹಲವು ಶಾಸನಗಳಲ್ಲಿ ಹಲಗೆಗಳು ಒಂದಕ್ಕೊಂದು ಉಜ್ಜಿ ಅಕ್ಷರ ಅಳಿಯದಂತೆ ಅಂಚುಗಳನ್ನು ತುಸು ಎತ್ತರಿಸಿರುತ್ತಾರೆ. ಇವುಗಳ ಅಕ್ಷರಗಳನ್ನು ಮೂಡಿಸಿರುವುದು ಉಳಿ, ಆಮ್ಲವಲ್ಲ. ಭೂದಾನದ ದಾಖಲೆಯಾದ ಶಾಸನ ತಲೆಮಾರುಗಳವರೆಗೆ ಉಳಿಯಬೇಕಾಗಿದ್ದುದರಿಂದ ತಾಳೆಗರಿಗಿಂತ ತಾಮ್ರ ತಕ್ಕ ಮಾಧ್ಯಮವಾಗಿತ್ತು.

ಬಿದರಿ ಕಲೆ

ಬೀದರಿನ ಬಿದರಿ ಪಾತ್ರೆಗಳನ್ನು ಎಚ್ಚಿಂಗ್ ಕಲೆಯೆಂದು ಕೆಲವೊಮ್ಮೆ ತಪ್ಪಾಗಿ ವಿವರಿಸಲಾಗುತ್ತದೆ. ವಾಸ್ತವವಾಗಿ ಇದು ಕೆತ್ತಿದ ಜಾಗದಲ್ಲಿ ಬೆಳ್ಳಿ ಕೂರಿಸುವ ಕಲೆ. ಬಹುಪಾಲು ಸತು ಮತ್ತು ಸ್ವಲ್ಪ ತಾಮ್ರವಿರುವ ಮಿಶ್ರಲೋಹವನ್ನು ಮಣ್ಣಿನ ಅಚ್ಚಿನಲ್ಲಿ ಎರಕ ಹೊಯ್ದು, ಅರದಿಂದ ಉಜ್ಜಿ ನುಣುಪು ಮಾಡುತ್ತಾರೆ. ಬಳಿಕ ಮೈಲುತುತ್ತದ ದ್ರಾವಣವನ್ನು ಬಳಿಯುತ್ತಾರೆ. ಆಗ ಮೈ ತಾತ್ಕಾಲಿಕವಾಗಿ ಕಪ್ಪಾಗಿ, ಅದರ ಮೇಲೆ ಮೊನೆಯಿಂದ ಗೀಚಿದ ವಿನ್ಯಾಸ ಬಿಳಿಯಾಗಿ ಎದ್ದು ಕಾಣುತ್ತದೆ. ಗೀಚಿದ ಗೆರೆಗಳನ್ನು ಸಣ್ಣ ಉಳಿಗಳಿಂದ ಕೆತ್ತಿ, ಬೆಳ್ಳಿಯ ತಂತಿ ಅಥವಾ ತಗಡನ್ನು ಸುತ್ತಿಗೆಯಿಂದ ತಟ್ಟಿ ಕೂರಿಸಿ, ಮತ್ತೆ ಉಜ್ಜಿ ಸಮಗೊಳಿಸಲಾಗುತ್ತದೆ. ತಂತಿಯ ಕೆಲಸವನ್ನು ತಾರ್ಕಶಿ ಎಂದೂ ತಗಡಿನ ಕೆಲಸವನ್ನು ತೆಹ್‌ನಿಶಾನ್ ಎಂದೂ ಕರೆಯುತ್ತಾರೆ.

ಕೊನೆಯ ಹಂತದಲ್ಲಿ ಬೀದರ ಕೋಟೆಯ ಮಣ್ಣನ್ನು ನವಸಾಗರದೊಡನೆ ನೀರಿನಲ್ಲಿ ಕಲಸಿ, ತುಸು ಬಿಸಿ ಮಾಡಿದ ಪಾತ್ರೆಗೆ ಉಜ್ಜುತ್ತಾರೆ. ಸತುವಿನ ಮಿಶ್ರಲೋಹ ಗಾಢ ಕಪ್ಪಾಗುತ್ತದೆ. ಬೆಳ್ಳಿ ಮಾತ್ರ ಹೊಳಪು ಕಳೆದುಕೊಳ್ಳುವುದಿಲ್ಲ. ರಾಸಾಯನಿಕವು ಒಂದು ಲೋಹವನ್ನು ಮುಟ್ಟಿ ಇನ್ನೊಂದನ್ನು ಬಿಡುವ ಈ ಗುಣವೇ ಬಿದರಿಯನ್ನು ಎಚ್ಚಿಂಗಿನ ನೆರೆಗೆ ತರುತ್ತದೆ. ಇಲ್ಲಿ ಬೇರೆ ರಕ್ಷಾಲೇಪದ ಅಗತ್ಯವಿಲ್ಲ. ಕುಶಲಕರ್ಮಿಗಳು ಮಣ್ಣಿನ ಯೋಗ್ಯತೆಯನ್ನು ನಾಲಿಗೆಗೆ ತಾಗಿಸಿ ಪರೀಕ್ಷಿಸುವ ರೂಢಿಯಿದೆ. ಬಿದರಿ ಕಲೆಗೆ ಭೌಗೋಳಿಕ ಸೂಚ್ಯಂಕದ ಮಾನ್ಯತೆ ದೊರೆತಿದೆ. ಬೀದರಿನ ಬಿದರಿ ಕಲಾವಿದ ಶಾ ರಶೀದ್ ಅಹ್ಮದ್ ಖಾದ್ರಿ ಅವರಿಗೆ 2023ರಲ್ಲಿ ಪದ್ಮಶ್ರೀ ಪ್ರಶಸ್ತಿ ಸಂದಿತು.

ಉಕ್ಕು

ದಕ್ಷಿಣ ಭಾರತದಲ್ಲಿ ಮೂಸೆಯಲ್ಲಿ ಕರಗಿಸಿ ತಯಾರಿಸುತ್ತಿದ್ದ ಹೆಚ್ಚು ಇಂಗಾಲದ ಉಕ್ಕು ಇಂಗ್ಲಿಷಿನಲ್ಲಿ 'ವೂಟ್ಸ್' ಎಂದು ಹೆಸರಾಯಿತು. ಈ ಪದ ಕನ್ನಡದ 'ಉಕ್ಕು' ಎಂಬುದರ ರೂಪಾಂತರವಿರಬೇಕೆಂಬುದು ಬಹುಮಾನ್ಯ ಅಭಿಪ್ರಾಯ. ಜಾರ್ಜ್ ಪಿಯರ್ಸನ್ 1795ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಗೆ ಸಲ್ಲಿಸಿದ ಪ್ರಬಂಧದಲ್ಲಿ ಈ ಹೆಸರು ಬಳಕೆಯಾಗಿದೆ. ಇಂಥ ಉಕ್ಕಿನ ಖಡ್ಗಗಳ ಮೇಲೆ ನೀರಿನ ಅಲೆಗಳಂತೆ ಕಾಣುವ ವಿನ್ಯಾಸವಿರುತ್ತದೆ. ಅದನ್ನು ಯಾರೂ ಬರೆದದ್ದಲ್ಲ. ಇಂಗಾಲ ಹೆಚ್ಚಿರುವ ಗಟ್ಟಿಯಾದ ಪಟ್ಟೆಗಳು ಲೋಹದೊಳಗೇ ಸಾಲುಗಟ್ಟಿರುತ್ತವೆ. ಉಜ್ಜಿದ ಅಲಗಿಗೆ ಸೌಮ್ಯ ಆಮ್ಲ ಹಚ್ಚಿದಾಗ ಉಳಿದ ಭಾಗ ಸವೆದು ಕಪ್ಪಾಗುತ್ತದೆ; ಗಟ್ಟಿ ಪಟ್ಟೆಗಳು ಬೆಳ್ಳಗೆ ಉಳಿಯುತ್ತವೆ. ಲೋಹವಿಜ್ಞಾನದ ಪ್ರಯೋಗಾಲಯಗಳಲ್ಲಿ ಸೂಕ್ಷ್ಮದರ್ಶಕದಡಿ ಲೋಹದ ಒಳರಚನೆಯನ್ನು ನೋಡಲು ಇಂದಿಗೂ ಇದೇ ಬಗೆಯ ಎಚ್ಚಿಂಗನ್ನು ಬಳಸುತ್ತಾರೆ.

ಪಾತ್ರೆಗಳ ಮೇಲಿನ ಹೆಸರು

ಮದುವೆ, ಗೃಹಪ್ರವೇಶಗಳಲ್ಲಿ ಉಡುಗೊರೆ ಕೊಡುವ ಸ್ಟೀಲ್ ಪಾತ್ರೆಗಳ ಮೇಲೆ ಹೆಸರು ಹಾಕಿಸುವುದು ಕರ್ನಾಟಕದಾದ್ಯಂತ ರೂಢಿಯಲ್ಲಿದೆ. ಪಾತ್ರೆ ಅಂಗಡಿಗಳಲ್ಲಿ ಇದಕ್ಕೆ ಬಳಸುವುದು ವಿದ್ಯುತ್ತಿನಿಂದ ಕಂಪಿಸುವ ಮೊನೆಯುಳ್ಳ ಪೆನ್ನಿನಂಥ ಯಂತ್ರ. ಮೊದಲು ಹಿತ್ತಾಳೆ, ತಾಮ್ರದ ಪಾತ್ರೆಗಳಿಗೆ ಉಳಿಯಿಂದ ಚುಕ್ಕೆ ಚುಕ್ಕೆಯಾಗಿ ಹೆಸರು ಹೊಡೆಯುತ್ತಿದ್ದರು. ಇವೆರಡೂ ಯಾಂತ್ರಿಕ ಕೆತ್ತನೆಗಳು.

ಲೋಹದ ಎಚ್ಚಿಂಗ್ ವಿಧಾನ

ಫಲಕವನ್ನು ಮೊದಲು ಎಣ್ಣೆಯ ಜಿಡ್ಡು ಉಳಿಯದಂತೆ ತೊಳೆಯಬೇಕು. ಜಿಡ್ಡಿರುವಲ್ಲಿ ರಕ್ಷಾಲೇಪ ಹಿಡಿಯುವುದಿಲ್ಲ. ದ್ರಾವಣವೂ ಸಮನಾಗಿ ತಾಗುವುದಿಲ್ಲ. ಬಳಿಕ ಮೇಣ, ಆಸ್ಫಾಲ್ಟ್ ಮತ್ತು ರಾಳದ ಮಿಶ್ರಣವನ್ನು ತೆಳ್ಳಗೆ ಬಳಿದು ಒಣಗಿಸಿ, ಸೂಜಿಯಿಂದ ಚಿತ್ರ ಬರೆಯುತ್ತಾರೆ. ಸೂಜಿ ಲೋಹವನ್ನು ಕೊರೆಯಬೇಕಿಲ್ಲ. ಲೇಪವನ್ನು ಸರಿಸಿ ಲೋಹ ಕಾಣುವಂತೆ ಮಾಡಿದರೆ ಸಾಕು. ಫಲಕದ ಹಿಂಬದಿ ಮತ್ತು ಅಂಚುಗಳನ್ನೂ ಮುಚ್ಚಿ ದ್ರಾವಣದಲ್ಲಿ ಇಡಲಾಗುತ್ತದೆ.

ತಾಮ್ರ ಮತ್ತು ಹಿತ್ತಾಳೆಗೆ ಫೆರಿಕ್ ಕ್ಲೋರೈಡ್ ಹೆಚ್ಚು ಬಳಕೆಯ ದ್ರಾವಣ. ಇದು ನೈಟ್ರಿಕ್ ಆಮ್ಲದಂತೆ ಕಂದು ಬಣ್ಣದ ವಿಷಾನಿಲವನ್ನು ಹೊರಬಿಡುವುದಿಲ್ಲ. ಆದರೆ ಗೆರೆಗಳಲ್ಲಿ ಮಡ್ಡಿ ತುಂಬಿಕೊಳ್ಳುವುದರಿಂದ ಫಲಕವನ್ನು ಬೋರಲು ಅಥವಾ ನಿಲುವಾಗಿ ಇಡುವುದು ಒಳ್ಳೆಯದು. ಅಲ್ಯೂಮಿನಿಯಮ್ಮಿಗೆ ಫೆರಿಕ್ ಕ್ಲೋರೈಡ್ ತಕ್ಕುದಲ್ಲ. ಕ್ರಿಯೆ ಬಿರುಸಾಗಿ ನಡೆದು ದ್ರಾವಣ ಕಾಯುತ್ತದೆ, ಹೈಡ್ರೋಜನ್ ಅನಿಲ ಹೊರಬರುತ್ತದೆ.

ತೆಳು ಮತ್ತು ದಪ್ಪ ಗೆರೆಗಳನ್ನು ಒಂದೇ ಫಲಕದಲ್ಲಿ ಪಡೆಯಲು ಹಂತದ ಎಚ್ಚಿಂಗ್ ಮಾಡಲಾಗುತ್ತದೆ. ಸ್ವಲ್ಪ ಹೊತ್ತಿನ ನಂತರ ಫಲಕವನ್ನು ತೆಗೆದು ತೊಳೆದು, ತೆಳುವಾಗಿ ಉಳಿಯಬೇಕಾದ ಗೆರೆಗಳನ್ನು ವಾರ್ನಿಷಿನಿಂದ ಮುಚ್ಚಿ, ಮತ್ತೆ ದ್ರಾವಣಕ್ಕೆ ಇಳಿಸುತ್ತಾರೆ. ಗೆರೆಯ ಬದಲು ಛಾಯೆ ಬೇಕಾದಾಗ ರಾಳದ ಪುಡಿಯನ್ನು ಉದುರಿಸಿ ಕಾಯಿಸಿ ಅಂಟಿಸುತ್ತಾರೆ. ಕಣಗಳ ನಡುವಿನ ಸಂದಿಗಳನ್ನು ಆಮ್ಲ ತಿಂದಾಗ ಮಸಿ ಹಿಡಿಯುವ ಒರಟು ಮೈ ಸಿಗುತ್ತದೆ. ಇದಕ್ಕೆ ಅಕ್ವಾಟಿಂಟ್ ಎಂದು ಹೆಸರು.

ದ್ರಾವಣವು ಕೆಳಮುಖವಾಗಿ ಮಾತ್ರವಲ್ಲದೆ ಪಕ್ಕಕ್ಕೂ ತಿನ್ನುವುದರಿಂದ ಹೆಚ್ಚು ಹೊತ್ತು ಬಿಟ್ಟಷ್ಟೂ ಗೆರೆ ಅಗಲವಾಗುತ್ತದೆ. ಒತ್ತಾದ ಗೆರೆಗಳ ನಡುವಿನ ಲೋಹ ಕುಸಿದು ವಿನ್ಯಾಸ ಕೆಡುವುದೂ ಇದೇ ಕಾರಣಕ್ಕೆ.

ಮಂಡಲ ಫಲಕಗಳ ತಯಾರಿಕೆಯಲ್ಲಿ ಕೈಬರಹದ ಬದಲು ಬೆಳಕಿಗೆ ಸ್ಪಂದಿಸುವ ಲೇಪವನ್ನು ಬಳಸಿ, ತಾಮ್ರದ ತೆಳು ಹಾಳೆಯಲ್ಲಿ ವಿದ್ಯುತ್ ಹರಿಯುವ ದಾರಿಗಳನ್ನು ಮಾತ್ರ ಉಳಿಸಿಕೊಳ್ಳುತ್ತಾರೆ. ವಿದ್ಯುತ್ ಎಚ್ಚಿಂಗಿನಲ್ಲಿ ಫಲಕವನ್ನು ಧನಾಗ್ರವಾಗಿ ಜೋಡಿಸಿ ಲೋಹವನ್ನು ಕರಗಿಸಲಾಗುತ್ತದೆ.

ಗಾಜಿನ ಎಚ್ಚಿಂಗ್ ವಿಧಾನ

ಸಾಮಾನ್ಯ ಆಮ್ಲಗಳು ಗಾಜನ್ನು ಕರಗಿಸುವುದಿಲ್ಲ. ಆಮ್ಲಗಳನ್ನು ಗಾಜಿನ ಸೀಸೆಗಳಲ್ಲಿ ಇಡುವುದು ಅದಕ್ಕಾಗಿಯೇ. ಹೈಡ್ರೋಫ್ಲೋರಿಕ್ ಆಮ್ಲ ಇದಕ್ಕೆ ಅಪವಾದ. ಅದು ಗಾಜಿನ ಸಿಲಿಕಾದೊಡನೆ ವರ್ತಿಸಿ ಸಿಲಿಕಾನ್ ಟೆಟ್ರಾಫ್ಲೋರೈಡ್ ಅನಿಲ ಮತ್ತು ನೀರನ್ನು ಉಂಟುಮಾಡುತ್ತದೆ. ಆದ್ದರಿಂದ ಅದನ್ನು ಪ್ಲಾಸ್ಟಿಕ್ ಪಾತ್ರೆಗಳಲ್ಲಿ ಇಡಲಾಗುತ್ತದೆ. ಆಮ್ಲವನ್ನು ಮಾತ್ರ ಬಳಸಿದರೆ ಪಾರದರ್ಶಕವಾದ ನುಣುಪು ಕೊರೆತ ಸಿಗುತ್ತದೆ. ಅಮೋನಿಯಮ್ ಫ್ಲೋರೈಡಿನಂಥ ಲವಣ ಸೇರಿದ್ದರೆ ಮೈ ಮಸುಕಾಗುತ್ತದೆ.

ಕರಕುಶಲ ಕೆಲಸಕ್ಕೆ ಮಾರಾಟವಾಗುವ ಎಚ್ಚಿಂಗ್ ಕ್ರೀಮುಗಳಲ್ಲಿ ಸಾಮಾನ್ಯವಾಗಿ ಅಮೋನಿಯಮ್ ಬೈಫ್ಲೋರೈಡ್ ಇರುತ್ತದೆ. ಗಾಜಿಗೆ ಅಂಟುಹಾಳೆ ಅಂಟಿಸಿ, ವಿನ್ಯಾಸದ ಭಾಗವನ್ನು ಕತ್ತರಿಸಿ ತೆಗೆದು, ಕ್ರೀಮನ್ನು ತಯಾರಕರು ಸೂಚಿಸಿದ ಸಮಯದವರೆಗೆ ಬಿಟ್ಟು ತೊಳೆಯಲಾಗುತ್ತದೆ. ಕ್ರೀಮು ಮೈಯನ್ನು ಮಸುಕುಗೊಳಿಸುತ್ತದೆಯೇ ಹೊರತು ಆಳವಾಗಿ ಕೊರೆಯುವುದಿಲ್ಲ.

ಆಳವಾದ ವಿನ್ಯಾಸಕ್ಕೆ ಮರಳು ಊದುವ ವಿಧಾನ ಸೂಕ್ತ. ಒತ್ತಡದ ಗಾಳಿಯೊಡನೆ ಗಡಸು ಕಣಗಳನ್ನು ಗಾಜಿಗೆ ಬಡಿಯುವಂತೆ ಮಾಡಿದಾಗ ತೆರೆದ ಭಾಗ ಸವೆಯುತ್ತದೆ. ಬಾಗಿಲು, ಕಿಟಕಿ ಮತ್ತು ದೇವರ ಕೋಣೆಯ ಗಾಜುಗಳ ಮೇಲಿನ ವಿನ್ಯಾಸಗಳಲ್ಲಿ ಅನೇಕವು ಹೀಗೆ ತಯಾರಾದವು. ರಾಸಾಯನಿಕ ಕ್ರಿಯೆ ಇಲ್ಲದಿದ್ದರೂ ವ್ಯವಹಾರದಲ್ಲಿ ಇದನ್ನೂ ಎಚ್ಚಿಂಗ್ ಎಂದೇ ಕರೆಯುತ್ತಾರೆ. ವಜ್ರದ ಮೊನೆ, ತಿರುಗುವ ಚಕ್ರ ಮತ್ತು ಲೇಸರ್ ಕಿರಣಗಳಿಂದಲೂ ಗಾಜಿನ ಮೇಲೆ ವಿನ್ಯಾಸ ಮೂಡಿಸಬಹುದು.

ಅಪಾಯ ಮತ್ತು ಮುನ್ನೆಚ್ಚರಿಕೆ

ಹೈಡ್ರೋಫ್ಲೋರಿಕ್ ಆಮ್ಲ ಎಚ್ಚಿಂಗಿನಲ್ಲಿ ಬಳಕೆಯಾಗುವ ವಸ್ತುಗಳಲ್ಲಿ ಅತ್ಯಂತ ಅಪಾಯಕಾರಿ. ತೆಳು ದ್ರಾವಣ ಚರ್ಮಕ್ಕೆ ತಾಗಿದಾಗ ಕೂಡಲೇ ಉರಿಯದೆ, ಗಂಟೆಗಳ ನಂತರ ತೀವ್ರ ನೋವು ಕಾಣಿಸಿಕೊಳ್ಳಬಹುದು. ಅಷ್ಟರಲ್ಲಿ ಅದು ಚರ್ಮದಡಿ ಇಳಿದು ದೇಹದ ಕ್ಯಾಲ್ಸಿಯಮ್ಮಿನೊಡನೆ ಸೇರಿರುತ್ತದೆ. ರಕ್ತದ ಕ್ಯಾಲ್ಸಿಯಮ್ ಕುಸಿದರೆ ಹೃದಯದ ಬಡಿತ ಏರುಪೇರಾಗಿ ಸಾವು ಸಂಭವಿಸಬಹುದು. ತಾಗಿದ ಭಾಗವನ್ನು ತಕ್ಷಣ ಧಾರಾಳ ನೀರಿನಿಂದ ತೊಳೆದು, ಕ್ಯಾಲ್ಸಿಯಮ್ ಗ್ಲೂಕೋನೇಟ್ ಜೆಲ್ ಹಚ್ಚಿ, ನೋವಿಲ್ಲದಿದ್ದರೂ ಆಸ್ಪತ್ರೆಗೆ ಹೋಗಬೇಕು. ಯಾವ ಆಮ್ಲ ತಾಗಿದೆ ಎಂಬುದನ್ನು ವೈದ್ಯರಿಗೆ ತಿಳಿಸುವುದು ಅಗತ್ಯ. ಈ ಆಮ್ಲವನ್ನು ಮನೆಯಲ್ಲಾಗಲಿ ಶಾಲೆಯಲ್ಲಾಗಲಿ ಬಳಸಬಾರದು. ಎಚ್ಚಿಂಗ್ ಕ್ರೀಮಿನಲ್ಲೂ ಫ್ಲೋರೈಡ್ ಇರುವುದರಿಂದ ಕೈಗವಸು ಮತ್ತು ಕನ್ನಡಕ ಕಡ್ಡಾಯ.

ಆಮ್ಲವನ್ನು ತೆಳುಗೊಳಿಸುವಾಗ ನೀರಿಗೆ ಆಮ್ಲವನ್ನು ಸ್ವಲ್ಪಸ್ವಲ್ಪವಾಗಿ ಸೇರಿಸಬೇಕೇ ಹೊರತು ಆಮ್ಲಕ್ಕೆ ನೀರನ್ನು ಸುರಿಯಬಾರದು. ಮರಳು ಊದುವ ಕೆಲಸದಲ್ಲಿ ಸಿಲಿಕಾ ಧೂಳನ್ನು ಉಸಿರಾಡಿದರೆ ಸಿಲಿಕೋಸಿಸ್ ಎಂಬ ಗುಣವಾಗದ ಶ್ವಾಸಕೋಶದ ಕಾಯಿಲೆ ಬರುತ್ತದೆ. ಆದ್ದರಿಂದ ಅಲ್ಯೂಮಿನಿಯಮ್ ಆಕ್ಸೈಡ್ ಕಣಗಳನ್ನು ಮುಚ್ಚಿದ ಪೆಟ್ಟಿಗೆಯೊಳಗೆ ಬಳಸುವುದು ಸುರಕ್ಷಿತ. ಸ್ಟೇನ್‌ಲೆಸ್ ಸ್ಟೀಲನ್ನು ಉಪ್ಪುನೀರಿನಲ್ಲಿ ವಿದ್ಯುತ್ತಿನಿಂದ ಎಚ್ಚಿಂಗ್ ಮಾಡಿದಾಗ ವಿಷಕಾರಿ ಕ್ರೋಮಿಯಮ್ ಸಂಯುಕ್ತಗಳು ಉಂಟಾಗಬಹುದು.

ಬಳಸಿದ ಫೆರಿಕ್ ಕ್ಲೋರೈಡ್ ದ್ರಾವಣದಲ್ಲಿ ಕರಗಿದ ತಾಮ್ರ ಇರುತ್ತದೆ. ಇದು ಮೀನು ಮತ್ತಿತರ ಜಲಚರಗಳಿಗೆ ವಿಷ. ಹಾಗಾಗಿ ಅದನ್ನು ಚರಂಡಿ, ಹಳ್ಳ ಅಥವಾ ಬಾವಿಯ ಸಮೀಪ ಚೆಲ್ಲದೆ, ಪ್ಲಾಸ್ಟಿಕ್ ಡಬ್ಬಿಯಲ್ಲಿ ಸಂಗ್ರಹಿಸಿ ಅಪಾಯಕಾರಿ ತ್ಯಾಜ್ಯವಾಗಿ ವಿಲೇವಾರಿ ಮಾಡಬೇಕು.

ಇವನ್ನೂ ನೋಡಿ

ಬಿದರಿ ಕಲೆ
ತಾಮ್ರಶಾಸನ
ಬನವಾಸಿ
ಉಕ್ಕು
ಬೋರ್ಡೋ ದ್ರಾವಣ
ಹೈಡ್ರೋಫ್ಲೋರಿಕ್ ಆಮ್ಲ